ಪ್ಯಾಕೆಟ್ಟಿನ ತೂಕ, ಕುಲುಮೆಯ ತೂಕ

ಸಿಲ್ವರ್ ಕ್ಲೇ ಎಂಬ ಪದಾರ್ಥವನ್ನು ಬೆಳ್ಳಿ ಒಡವೆ ಮಾಡುವ ಹವ್ಯಾಸಿಗಳು ಈಗ ನಮ್ಮಲ್ಲೂ ಕೇಳಿ ತರಿಸಿಕೊಳ್ಳುತ್ತಿದ್ದಾರೆ. ಇದರಲ್ಲಿ ಮಣ್ಣಿನ ಅಂಶ ಒಂದಿಷ್ಟೂ ಇಲ್ಲ. ಬೆಳ್ಳಿಯ ಅತಿ ನುಣ್ಣನೆಯ ಪುಡಿ, ಅದನ್ನು ಹಿಡಿದಿಡುವ ಸೆಲ್ಯುಲೋಸ್ ಜಾತಿಯ ಅಂಟು, ಒಂದಿಷ್ಟು ನೀರು, ಇಷ್ಟೇ. ಕೈಯಲ್ಲಿ ನಾದಿ, ಲಟ್ಟಿಸಿ, ಎಲೆಯ ನರವನ್ನೋ ಬಟ್ಟೆಯ ನೇಯ್ಗೆಯನ್ನೋ ಅದರ ಮೇಲೆ ಒತ್ತಿ, ಚೆನ್ನಾಗಿ ಒಣಗಿಸಿ ಕುಲುಮೆಗೆ ಇಡುತ್ತಾರೆ. ಅಂಟು ಉರಿದುಹೋಗುತ್ತದೆ, ಬೆಳ್ಳಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಕೊನೆಗೆ ಉಳಿಯುವುದು ಚೊಕ್ಕ ಬೆಳ್ಳಿ. ಇದನ್ನು ಮಾರುವ ಕಂಪನಿಗಳು ಹಲವು. ಯಾವುದು ಒಳ್ಳೆಯದು ಎಂಬುದು ಕೊಳ್ಳುವವರ ಮೊದಲ ಪ್ರಶ್ನೆ. ಆ ಪ್ರಶ್ನೆಗೆ ಪ್ಯಾಕೆಟ್ಟಿನಲ್ಲಿ ಉತ್ತರ ಸಿಗುವುದಿಲ್ಲ, ಕುಲುಮೆಯಿಂದ ಹೊರಬಂದ ತುಂಡಿನಲ್ಲಿ ಸಿಗುತ್ತದೆ ಎನ್ನುವುದು ನನ್ನ ವಾದ. ನಿಮ್ಮ ಕೈಯಲ್ಲಿರುವ ಬೆಂಕಿ ಯಾವುದು ಎಂದು ಮೊದಲು ತೀರ್ಮಾನವಾಗಬೇಕು. ಬ್ರ್ಯಾಂಡಿನ ಮಾತು ಅದಾದ ಮೇಲೆ.

ಈ ವಾದವನ್ನು ಕೆಜಿಎಫ್ ಮತ್ತು ಬಂಗಾರಪೇಟೆಯ ಕೇಳುಗರ ಮುಂದೆ ಇಡುವುದಕ್ಕೆ ಕಾರಣವಿದೆ. ಕೆಜಿಎಫ್‌ನ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರಗಾಂನ ಎಷ್ಟೋ ಮನೆಗಳ ದುಡಿಮೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವುದರಲ್ಲಿ ನಿಂತಿದೆ. ಮನೆಯಲ್ಲೇ ಕುಳಿತು, ಒಂದು ಮೇಜಿನ ಮೇಲೆ ಮಾಡಬಹುದಾದ ಕಸುಬು ಅಂಥ ಮನೆಗಳಿಗೆ ಆಸೆ ಹುಟ್ಟಿಸುವುದು ಸಹಜ. ಆಸೆ ಹುಟ್ಟಿಸುವ ಕಡೆಯೇ ದುಡ್ಡು ಕಳೆದುಕೊಳ್ಳುವ ದಾರಿಯೂ ಇರುತ್ತದೆ, ಆದ್ದರಿಂದ ಲೆಕ್ಕ ಸರಿಯಾಗಿರಬೇಕು. ಲೋಹವನ್ನು ಹೇಗೆ ಅಳೆಯಬೇಕು ಎಂಬುದಂತೂ ಈ ನೆಲಕ್ಕೆ ಹೊಸತಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟಂದಿನಿಂದ ಗಣಿ ಮುಚ್ಚುವವರೆಗೆ ಯಾರೂ ಅದಿರಿನ ಬೆಲೆಯನ್ನು ಕಲ್ಲಿನ ಹೊಳಪು ನೋಡಿ ಕಟ್ಟಲಿಲ್ಲ. ಮಾದರಿಯನ್ನು ಪುಡಿ ಮಾಡಿ, ಸೀಸದ ಆಕ್ಸೈಡು ಮತ್ತು ಬಿಳಿಗಾರದಂಥ ದ್ರಾವಕ ಸೇರಿಸಿ ಮೂಸೆಯಲ್ಲಿ ಕರಗಿಸುತ್ತಿದ್ದರು. ಅದಿರಿನ ಚಿನ್ನ ಬೆಳ್ಳಿಗಳೆಲ್ಲ ಸೀಸದ ಗುಂಡಿಗೆ ಇಳಿಯುತ್ತಿದ್ದವು. ಆ ಗುಂಡಿಯನ್ನು ಮೂಳೆಯ ಬೂದಿಯಿಂದ ಮಾಡಿದ ಬಟ್ಟಲಿನಲ್ಲಿಟ್ಟು ಕಾಯಿಸಿದರೆ ಸೀಸವನ್ನು ಬಟ್ಟಲು ಹೀರಿಕೊಂಡು, ಸಾಸಿವೆಗಿಂತ ಸಣ್ಣ ಮಣಿಯೊಂದು ಉಳಿಯುತ್ತಿತ್ತು. ನೈಟ್ರಿಕ್ ಆಮ್ಲ ಹಾಕಿ ಮಣಿಯೊಳಗಿನ ಬೆಳ್ಳಿಯನ್ನು ಬಿಡಿಸಿ, ಉಳಿದ ಚಿನ್ನವನ್ನು ತೂಗಿದ ಮೇಲೆಯೇ ಟನ್ನಿಗೆ ಇಷ್ಟು ಗ್ರಾಂ ಎಂಬ ಮಾತು. ಅದಿರನ್ನು ನೋಡಿದ ಕಣ್ಣಿನಿಂದಲೇ ಕ್ಲೇ ಪ್ಯಾಕೆಟ್ಟನ್ನೂ ನೋಡಬೇಕು. ಬೆಂಕಿ ದಾಟಿ ಉಳಿದದ್ದೆಷ್ಟು, ಹೇಗಿದೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಸಿಲ್ವರ್ ಕ್ಲೇ ಹುಟ್ಟಿದ್ದು ಜಪಾನಿನಲ್ಲಿ, 1990ರ ದಶಕದ ಆರಂಭದಲ್ಲಿ. ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿಯ ವಿಜ್ಞಾನಿ ಮಸಾಕಿ ಮೊರಿಕಾವಾ ರೂಪಿಸಿದ್ದು ಪ್ರೆಷಸ್ ಮೆಟಲ್ ಕ್ಲೇ. ಅದರ ಚಿಕ್ಕ ಹೆಸರು ಪಿಎಂಸಿ. ಹೆಚ್ಚು ತಡವಿಲ್ಲದೆ ಐಡಾ ಕೆಮಿಕಲ್ ಇಂಡಸ್ಟ್ರೀಸ್ ಎಂಬ ಇನ್ನೊಂದು ಜಪಾನಿ ಕಂಪನಿ ಆರ್ಟ್ ಕ್ಲೇ ಸಿಲ್ವರ್ ಎಂಬುದನ್ನು ತಂದಿತು. ಕೈಗಾರಿಕೆಯ ತ್ಯಾಜ್ಯದಿಂದ ಬೆಲೆಬಾಳುವ ಲೋಹಗಳನ್ನು ಮರಳಿ ತೆಗೆಯುವುದು ಈ ಐಡಾ ಕಂಪನಿಯ ಮೂಲ ಕಸುಬು. ಆಮೇಲೆ ಅಮೆರಿಕ, ಯೂರೋಪುಗಳಲ್ಲಿ ಬೇರೆ ತಯಾರಕರು ಬಂದರು. ಆದರೂ ಇಂದಿಗೂ ಹೋಲಿಕೆಯ ಮಾತೆತ್ತಿದರೆ ಈ ಎರಡು ಹೆಸರುಗಳೇ ಎದುರುಬದುರು ನಿಲ್ಲುತ್ತವೆ. ಒಂದೊಂದಕ್ಕೂ ಪಕ್ಷ ಕಟ್ಟಿಕೊಂಡವರಿದ್ದಾರೆ. ಆದರೆ ಒಂದೇ ಕಂಪನಿಯ ಹಳೆಯ ಮಾಲಿಗೂ ಹೊಸ ಮಾಲಿಗೂ ಇರುವ ವ್ಯತ್ಯಾಸ, ಎರಡು ಕಂಪನಿಗಳ ಹೊಸ ಮಾಲುಗಳ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು. ಪಕ್ಷ ಕಟ್ಟುವವರು ಇದನ್ನು ಗಮನಿಸುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಮೊದಲು ಬಂದ ಪಿಎಂಸಿಯಲ್ಲಿ ಬೆಳ್ಳಿ ನೂರಕ್ಕೆ ಸುಮಾರು 77 ಪಾಲು, ಉಳಿದದ್ದು ಅಂಟು ಮತ್ತು ನೀರು. ಆಮೇಲೆ ಬಂದ ಪಿಎಂಸಿ ಪ್ಲಸ್ ಮತ್ತು ಪಿಎಂಸಿ3ರಲ್ಲಿ ಬೆಳ್ಳಿ 90 ಪಾಲಿನಷ್ಟು. ಆರ್ಟ್ ಕ್ಲೇಯಲ್ಲಿ 92ರ ಆಸುಪಾಸು. 28 ಗ್ರಾಂ ಮಾಲು ಕೊಂಡರೆ ಮೊದಲನೆಯದರಲ್ಲಿ ಬೆಂಕಿ ದಾಟಿ ಉಳಿಯುವ ಬೆಳ್ಳಿ 21 ಗ್ರಾಂ ಚಿಲ್ಲರೆ, ಎರಡನೆಯ ಬಗೆಯಲ್ಲಿ 25 ಗ್ರಾಂ ಚಿಲ್ಲರೆ, ಆರ್ಟ್ ಕ್ಲೇಯಾದರೆ ಇನ್ನರ್ಧ ಗ್ರಾಂ ಹೆಚ್ಚು. ಎರಡು ಹೊಸ ಮಾಲುಗಳ ನಡುವಿನ ಈ ಅರ್ಧ ಗ್ರಾಮಿಗಾಗಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ಅದಕ್ಕಿಂತ, ಪ್ಯಾಕೆಟ್ಟಿನ ಮೇಲೆ ಬರೆದ ಅಂಕಿ ಕ್ಲೇಯ ತೂಕವೋ ಒಳಗಿರುವ ಬೆಳ್ಳಿಯ ತೂಕವೋ ಎಂದು ನೋಡುವುದು ಮುಖ್ಯ. ಬೆಲೆಯನ್ನು ಒಳಗಿನ ಬೆಳ್ಳಿಯ ಗ್ರಾಮಿನಿಂದ ಭಾಗಿಸಿ, ಅಂದಿನ ಪೇಟೆಯ ಬೆಳ್ಳಿ ದರದ ಪಕ್ಕದಲ್ಲಿಟ್ಟು ನೋಡಿದರೆ, ಬೆಳ್ಳಿಗೆ ಎಷ್ಟು ಕೊಟ್ಟೆವು, ಅದನ್ನು ಪುಡಿ ಮಾಡಿ ನಾದಿ ಕೊಟ್ಟದ್ದಕ್ಕೂ ಹಡಗಿನ ಬಾಡಿಗೆಗೂ ಸುಂಕಕ್ಕೂ ಎಷ್ಟು ಕೊಟ್ಟೆವು ಎಂಬುದು ಬಯಲಾಗುತ್ತದೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಒಡವೆಗೆ ಕೂಲಿ, ವೇಸ್ಟೇಜು ಎಂದು ಬೇರೆ ಬೇರೆ ಬರೆಸಿಕೊಳ್ಳುವ ನಮ್ಮ ಜನ ಪ್ಯಾಕೆಟ್ಟಿಗೆ ಮಾತ್ರ ಒಂದೇ ಮೊತ್ತ ಕೊಟ್ಟು ಸುಮ್ಮನಾಗಬೇಕಾಗಿಲ್ಲ.

ಕುಗ್ಗುವಿಕೆಯೂ ಲೆಕ್ಕದಲ್ಲಿ ಸೇರಬೇಕು. ಅಂಟು ಹೋಗಿ ಕಣಗಳು ಹತ್ತಿರ ಸರಿದಾಗ ತುಂಡು ಎಲ್ಲ ಕಡೆಯಿಂದಲೂ ಚಿಕ್ಕದಾಗುತ್ತದೆ. ಮೂಲ ಪಿಎಂಸಿ ಉದ್ದದಲ್ಲಿ ನೂರಕ್ಕೆ 28ರಷ್ಟು ಕುಗ್ಗುತ್ತದೆ, ಪಿಎಂಸಿ ಪ್ಲಸ್ ಮತ್ತು ಪಿಎಂಸಿ3 ಸುಮಾರು 12, ಆರ್ಟ್ ಕ್ಲೇ 8ರಿಂದ 10. ಒಳಸುತ್ತಳತೆ 54 ಮಿಲಿಮೀಟರು ಬರಬೇಕಾದ ಒಂದು ಉಂಗುರವನ್ನು ತೆಗೆದುಕೊಳ್ಳಿ. ಮೂಲ ಪಿಎಂಸಿಯಲ್ಲಿ ಅದನ್ನು 75 ಮಿಲಿಮೀಟರಿಗೆ ಮಾಡಿಕೊಳ್ಳಬೇಕು, ಪಿಎಂಸಿ3ರಲ್ಲಿ 61ಕ್ಕೆ, ಆರ್ಟ್ ಕ್ಲೇಯಲ್ಲಿ 59ಕ್ಕೆ. ಕಡಿಮೆ ಕುಗ್ಗಿದರೆ ಅಳತೆ ತಪ್ಪುವ ಭಯ ಕಡಿಮೆ, ನಿಜ. ಆದರೆ ಹೆಚ್ಚು ಕುಗ್ಗುವುದನ್ನು ದೋಷವೆಂದು ತಳ್ಳಿಹಾಕುವಂತಿಲ್ಲ. ಅಂಗೈಯಗಲದಲ್ಲಿ ಆರಾಮವಾಗಿ ಕೊರೆದ ಗೆರೆಗಳು ಕುಗ್ಗಿದಾಗ, ಬರಿಗೈಯಿಂದ ಬಿಡಿಸಲಾಗದಷ್ಟು ಸೂಕ್ಷ್ಮವಾಗಿ ಮೂಡುತ್ತವೆ. ಸಣ್ಣ ಅಕ್ಷರ, ದೇವರ ಪದಕದ ಮುಖಲಕ್ಷಣ ಇಂಥವಕ್ಕೆ ಆ ಹಳೆಯ ಮಾಲು ಹೇಳಿ ಮಾಡಿಸಿದಂತಿತ್ತು. ಒಂದೇ ಗುಣ ಒಂದು ಕೆಲಸಕ್ಕೆ ಅನುಕೂಲ, ಇನ್ನೊಂದಕ್ಕೆ ಅಡ್ಡಿ. ಯಾವ ಕೆಲಸ ಎಂದು ಹೇಳದೆ ಉತ್ತಮ, ಮಧ್ಯಮ ಎಂದು ಅಂಕ ಕೊಡುವ ಹೋಲಿಕೆಗಳನ್ನು ನಾನು ನಂಬುವುದಿಲ್ಲ.

ಇನ್ನು ಬೆಂಕಿಯ ವಿಷಯ. ಚೊಕ್ಕ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕ್ಲೇಯನ್ನು ಅದಕ್ಕಿಂತ ಕೆಳಗೆ ಕಾಯಿಸಬೇಕು. ಕಣಗಳು ಒಂದನ್ನೊಂದು ಮುಟ್ಟಿದ ಕಡೆ ಪರಮಾಣುಗಳು ನಿಧಾನವಾಗಿ ಸರಿದು ಕತ್ತಿನಂಥ ಸೇತುವೆ ಕಟ್ಟುತ್ತವೆ. ಕಾವು ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಸೇತುವೆ ದಪ್ಪವಾಗಿ, ನಡುವಿನ ತೂತುಗಳು ಮುಚ್ಚುತ್ತಾ ಬರುತ್ತವೆ. ಮೂಲ ಪಿಎಂಸಿಗೆ 900 ಡಿಗ್ರಿಯಲ್ಲಿ 2 ಗಂಟೆ ಬೇಕಿತ್ತು. ಕಣಗಳನ್ನು ಇನ್ನೂ ನುಣ್ಣಗೆ ಮಾಡಿ, ಗಾತ್ರಗಳನ್ನು ಹದವಾಗಿ ಬೆರೆಸಿ, ಆಮೇಲಿನ ಮಾಲುಗಳಲ್ಲಿ ಈ ಅಂಕಿಯನ್ನು ಇಳಿಸಿದರು. ಪಿಎಂಸಿ3ಕ್ಕೆ 700 ಡಿಗ್ರಿಯಲ್ಲಿ 10 ನಿಮಿಷ ಸಾಕು, ಆರ್ಟ್ ಕ್ಲೇಗೆ 650 ಡಿಗ್ರಿಯಲ್ಲಿ ಅರ್ಧ ಗಂಟೆ ಅಥವಾ 800 ಡಿಗ್ರಿಯಲ್ಲಿ 5 ನಿಮಿಷ ಸಾಕು ಎಂದು ತಯಾರಕರು ಹೇಳುತ್ತಾರೆ. ಜಾಹೀರಾತಿನಲ್ಲಿ ಮುಂದೆ ನಿಲ್ಲುವುದು ಈ ಅಂಕಿಗಳೇ. ಕೊಳ್ಳುವವರು ಇವನ್ನು ಓದಿ, ಕಡಿಮೆ ಕಾವಿನಲ್ಲಿ ಬೇಯುವುದೇ ಉತ್ತಮ ಮಾಲು ಎಂದುಕೊಳ್ಳುತ್ತಾರೆ.

ಅಲ್ಲೇ ತಪ್ಪುವುದು. ಆ ಅಂಕಿಗಳು ಕೆಳಗಿನ ಮಿತಿಯನ್ನು ಹೇಳುತ್ತವೆ. ಇಷ್ಟಕ್ಕಿಂತ ಕಡಿಮೆಯಾದರೆ ಕಣಗಳು ಬೆಸೆಯುವುದಿಲ್ಲ ಎಂದು ಅದರರ್ಥ, ಇಷ್ಟಾದರೆ ಪೂರ್ತಿ ಬಲ ಬರುತ್ತದೆ ಎಂದು ಅರ್ಥವಲ್ಲ. ಚೊಕ್ಕ ಬೆಳ್ಳಿಯ ಯಾವ ಕ್ಲೇಯೇ ಆಗಲಿ, ಗಾಜು, ಕಲ್ಲು ಏನೂ ಕೂರಿಸಿಲ್ಲವಾದರೆ, 900 ಡಿಗ್ರಿಯ ಹತ್ತಿರ 2 ಗಂಟೆ ಇಟ್ಟಾಗ ಅತಿ ಗಟ್ಟಿಯಾಗುತ್ತದೆ ಎಂಬುದು ಈ ಕಸುಬಿನಲ್ಲಿ ಪಳಗಿದವರ ಒಮ್ಮತ. ಲೋಹವಿಜ್ಞಾನ ಹೇಳುವುದೂ ಅದನ್ನೇ. ಗಣಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಇದರ ನೆರಳು ಪರಿಚಿತ. ಅದಿರಿನ ಪುಡಿಯನ್ನು ಪಾದರಸ ಹಚ್ಚಿದ ತಾಮ್ರದ ತಗಡಿನ ಮೇಲೆ ಹರಿಸಿ, ಚಿನ್ನ ಹಿಡಿದ ಪಾದರಸವನ್ನು ಕೆರೆದು, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಹೋಗುತ್ತಿತ್ತು. ಉಳಿಯುತ್ತಿದ್ದುದು ತೂತುತೂತಾದ ಚಿನ್ನ. ಸ್ಪಂಜ್ ಗೋಲ್ಡ್ ಎಂದೇ ಅದರ ಹೆಸರು. ಅದು ಚಿನ್ನ ಹೌದು, ಆದರೆ ಆ ಸ್ಥಿತಿಯಲ್ಲಿ ಅದನ್ನು ಗಟ್ಟಿ ಎಂದು ಯಾರೂ ತಿಜೋರಿಗೆ ಹಾಕುತ್ತಿರಲಿಲ್ಲ. ಬಿಳಿಗಾರದೊಂದಿಗೆ ಮೂಸೆಯಲ್ಲಿ ಕರಗಿಸಿ ಎರಕ ಹೊಯ್ದ ಮೇಲೆಯೇ ಅದು ಗಟ್ಟಿಯಾಗುತ್ತಿತ್ತು. ಕ್ಲೇಯನ್ನು ಹಾಗೆ ಕರಗಿಸುವಂತಿಲ್ಲ, ಕರಗಿದರೆ ಕೆತ್ತನೆಯೆಲ್ಲ ಹೋಯಿತು. ಆದ್ದರಿಂದ ಕರಗುವ ಗೆರೆಯ ಕೆಳಗೆ, ಅದಕ್ಕೆ ಆದಷ್ಟು ಹತ್ತಿರ, ಆದಷ್ಟು ಹೊತ್ತು ನಿಲ್ಲಿಸುವುದೊಂದೇ ಉಳಿದ ಉಪಾಯ. ಕುಲುಮೆಯ ಉಷ್ಣಮಾಪಕ 50 ಡಿಗ್ರಿ ತಪ್ಪು ತೋರಿಸಿದರೆ ಈ ಹತ್ತಿರವೇ ಅಪಾಯವಾಗುತ್ತದೆ ಎಂಬುದು ನಿಜ. ಅಂಥ ಕುಲುಮೆಯಿದ್ದವರು 850ಕ್ಕೆ ನಿಲ್ಲಿಸಿ ಹೊತ್ತು ಹೆಚ್ಚಿಸಲಿ.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ಪರೀಕ್ಷೆ ಸುಲಭ. ಹೋಲಿಸಬೇಕೆಂದಿರುವ ಪ್ರತಿಯೊಂದು ಮಾಲಿನಿಂದಲೂ 50 ಮಿಲಿಮೀಟರು ಉದ್ದ, 10 ಅಗಲ, ಒಂದೂವರೆ ದಪ್ಪದ ಎರಡೆರಡು ಪಟ್ಟಿಗಳನ್ನು ಕತ್ತರಿಸಿ. ದಪ್ಪ ಒಂದೇ ಸಮ ಇರಲಿ ಎಂದು ಎರಡೂ ಬದಿಗೆ ಸಮದಪ್ಪದ ಕಡ್ಡಿಗಳನ್ನಿಟ್ಟು ಅವುಗಳ ಮೇಲೆ ಲಟ್ಟಣಿಗೆ ಉರುಳಿಸಬೇಕು. ಪೂರ್ತಿ ಒಣಗಿಸಿ ತೂಗಿ ಬರೆದಿಡಿ. ಒಂದು ಪಟ್ಟಿಯನ್ನು ತಯಾರಕರು ಹೇಳುವ ಅತಿ ಕಡಿಮೆ ಕಾವಿನಲ್ಲಿ, ಇನ್ನೊಂದನ್ನು 900 ಡಿಗ್ರಿಯಲ್ಲಿ 2 ಗಂಟೆ ಸುಡಿ. ಆರಿದ ಮೇಲೆ ಮತ್ತೆ ತೂಗಿ, ಉದ್ದ ಅಳೆದು, ಪೆನ್ಸಿಲಿನಷ್ಟು ದಪ್ಪದ ಸರಳಿನ ಮೇಲೆ ಇಕ್ಕಳದಿಂದ ನಿಧಾನವಾಗಿ ಬಗ್ಗಿಸಿ. ಚೆನ್ನಾಗಿ ಬೆಂದ ಪಟ್ಟಿ ಲಂಬಕೋನದವರೆಗೆ ಬಗ್ಗುತ್ತದೆ, ಹೊರಮೈ ಸ್ವಲ್ಪ ಒರಟಾಗಬಹುದು, ಅಷ್ಟೇ. ಅರೆಬೆಂದದ್ದು ಚಕ್ಕುಲಿಯ ಹಾಗೆ ಲಟ್ಟನೆ ಮುರಿಯುತ್ತದೆ, ಮುರಿದ ಕಡೆ ಲೋಹದ ಹೊಳಪಿಲ್ಲದೆ ಬೂದಿಬಣ್ಣದ ಕಣಕಣ ಕಾಣುತ್ತದೆ. ಮೇಲ್ಮೈಯನ್ನು ಉಜ್ಜಿ ಮೆರುಗು ಕೊಟ್ಟಿದ್ದರೆ ಈ ಎರಡು ಪಟ್ಟಿಗಳನ್ನು ಕಣ್ಣಿನಿಂದ ಗುರುತಿಸಲು ಸಾಧ್ಯವೇ ಇಲ್ಲ. ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ಸಾಂದ್ರತೆ ನೋಡಬಹುದು. ತೂತುಗಳಿಗೆ ನೀರು ನುಗ್ಗದ ಹಾಗೆ ತೆಳ್ಳಗೆ ವಾರ್ನಿಷ್ ಬಳಿದು, ತುಂಡನ್ನು ಮೊದಲು ಗಾಳಿಯಲ್ಲಿ, ಆಮೇಲೆ ದಾರದಲ್ಲಿ ನೀರಿನೊಳಗೆ ತೂಗುಬಿಟ್ಟು ತೂಗಬೇಕು. ಬೆಳ್ಳಿಯ ಸಾಂದ್ರತೆ 10.49. ಹತ್ತು ಗ್ರಾಮಿನ ಗಟ್ಟಿ ಬೆಳ್ಳಿ ನೀರಿನಲ್ಲಿ 0.95 ಗ್ರಾಂ ಹಗುರಾಗುತ್ತದೆ. ನಿಮ್ಮ ತುಂಡು 1.1 ಗ್ರಾಂ ಹಗುರಾದರೆ ಅದರೊಳಗೆ ನೂರಕ್ಕೆ ಸುಮಾರು 13 ಪಾಲು ಬರಿ ತೂತು. ಗ್ರಾಮಿನ ನೂರನೇ ಒಂದು ಪಾಲನ್ನು ತೋರಿಸುವ ತಕ್ಕಡಿ ಬೆಳ್ಳಿ ಅಂಗಡಿಗಳಲ್ಲಿ ಇದ್ದೇ ಇರುತ್ತದೆ. ಈ ಪರೀಕ್ಷೆಯ ಮುಂದೆ ಬ್ರ್ಯಾಂಡುಗಳ ನಡುವಿನ ಅಂತರಕ್ಕಿಂತ ಸುಟ್ಟ ರೀತಿಯ ಅಂತರವೇ ದೊಡ್ಡದಾಗಿ ಕಾಣುತ್ತದೆ.

ಕುಲುಮೆ ಇಲ್ಲದವರು ಏನು ಮಾಡಬೇಕು? ಈ ಆಕ್ಷೇಪ ನ್ಯಾಯವಾದದ್ದು. ವಿದ್ಯುತ್ ಕುಲುಮೆಯ ಬೆಲೆ ಕ್ಲೇಯ ಎಷ್ಟೋ ಪ್ಯಾಕೆಟ್ಟುಗಳಿಗೆ ಸಮ. ಅಕ್ಕಸಾಲಿಯ ಗ್ಯಾಸ್ ಟಾರ್ಚು ಹಿಡಿದೂ ಸುಡಬಹುದು ಎಂದು ಎರಡೂ ಕಂಪನಿಗಳು ಹೇಳುತ್ತವೆ. ಒಣಗಿದ ತುಂಡನ್ನು ಬೆಂಕಿತಾಳುವ ಇಟ್ಟಿಗೆಯ ಮೇಲಿಟ್ಟು, ಅಂಟು ಹೊಗೆಯಾಡಿ ಉರಿದ ಮೇಲೆ, ಮಂಕು ಬೆಳಕಿನಲ್ಲಿ ಕಿತ್ತಳೆ ಕೆಂಪು ಕಾಣುವ ಹದದಲ್ಲಿ ಕೆಲವು ನಿಮಿಷ ಹಿಡಿಯಬೇಕು. ನಾಲ್ಕೈದು ಗ್ರಾಮಿನ ಓಲೆಗೆ, ಸಣ್ಣ ಪದಕಕ್ಕೆ ಇದು ಸಾಲುತ್ತದೆ. ಇಲ್ಲಿ ಕಡಿಮೆ ಕಾವಿನಲ್ಲಿ ಬೇಯುವ ಆರ್ಟ್ ಕ್ಲೇಯೋ ಪಿಎಂಸಿ3ಯೋ ನಿಜವಾಗಿ ಉಪಕಾರಿ, ಏಕೆಂದರೆ ಟಾರ್ಚಿನ ಕೆಳಗೆ 2 ಗಂಟೆ ನಿಲ್ಲಿಸಲು ಯಾರಿಂದಲೂ ಆಗದು. ಹಾಗೆಂದು ಟಾರ್ಚಿನಲ್ಲಿ ಸುಟ್ಟ ಉಂಗುರವನ್ನು, ಪಾತ್ರೆ ತೊಳೆಯುವ ಬಟ್ಟೆ ಒಗೆಯುವ ಕೈಗೆ ಮಾರಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ಇಂದಲ್ಲ ನಾಳೆ ಬಿರಿಯುತ್ತದೆ. ನಾಲ್ಕಾರು ಮನೆಯವರು ಸೇರಿ ಒಂದು ಕುಲುಮೆ ಇಟ್ಟುಕೊಳ್ಳುವುದು ಇದಕ್ಕಿಂತ ಒಳ್ಳೆಯ ದಾರಿ. ಕುಲುಮೆಗೆ ಬೇಕಾದ ಕರೆಂಟು ಇಲ್ಲಿಗೆ ಹೊಸತಲ್ಲ, ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲೇ ಗಣಿಗಳಿಗೆ ಬಂದ ಊರು ಇದು. ನಡುವೆ ಕರೆಂಟು ಹೋದರೆ ಮಾಲೆಲ್ಲ ಹಾಳಾಗುತ್ತದೆಂಬ ಹೆದರಿಕೆಗೂ ಚೊಕ್ಕ ಬೆಳ್ಳಿಯ ವಿಷಯದಲ್ಲಿ ಆಧಾರವಿಲ್ಲ. ಚೊಕ್ಕ ಬೆಳ್ಳಿ ಗಾಳಿಯಲ್ಲಿ ಕಾದರೂ ಕಪ್ಪು ಪದರ ಕಟ್ಟುವುದಿಲ್ಲ, ಕರೆಂಟು ಬಂದ ಮೇಲೆ ಮತ್ತೆ ಸುಟ್ಟರಾಯಿತು.

ಈ ಧೈರ್ಯ ತಾಮ್ರ ಬೆರೆತ ಕ್ಲೇಗಳಿಗೆ ಅನ್ವಯಿಸುವುದಿಲ್ಲ. ಚೊಕ್ಕ ಬೆಳ್ಳಿ ಮೆದು, ಆದ್ದರಿಂದ ನೂರಕ್ಕೆ ಏಳೂವರೆ ಪಾಲು ತಾಮ್ರ ಬೆರೆಸಿದ 925ರ ಸ್ಟರ್ಲಿಂಗ್ ಕ್ಲೇ ಬಂತು. ಗಟ್ಟಿತನದಲ್ಲಿ ಇದು ಮೇಲು. ಆದರೆ ಮಿತ್ಸುಬಿಷಿಯ ಪಿಎಂಸಿ ಸ್ಟರ್ಲಿಂಗನ್ನು ಎರಡು ಸಲ ಸುಡಬೇಕು. ಮೊದಲು ತೆರೆದ ಗಾಳಿಯಲ್ಲಿ ಸುಮಾರು 540 ಡಿಗ್ರಿಗೆ ಅಂಟನ್ನು ಉರಿಸಿ, ಆಮೇಲೆ ಉಕ್ಕಿನ ಪಾತ್ರೆಯಲ್ಲಿ ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲಿನೊಳಗೆ ಹೂತು 815 ಡಿಗ್ರಿಗೆ ಕಾಯಿಸಬೇಕು. ಇದ್ದಿಲು ಗಾಳಿಯನ್ನು ತಿಂದುಹಾಕದಿದ್ದರೆ ತಾಮ್ರ ಕಪ್ಪಾಗಿ ಕಣಗಳು ಬೆಸೆಯುವುದೇ ಇಲ್ಲ. ತೆಂಗಿನ ಇದ್ದಿಲು ದಕ್ಷಿಣದಲ್ಲಿ ಧಾರಾಳವಾಗಿ ಸಿಗುತ್ತದೆ, ಅದು ತೊಂದರೆಯಲ್ಲ. ತೊಂದರೆ ಎಂದರೆ ಕಾದ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುವ ಅನಿಲ. ಹಳೆಯ ಮೈನಿಂಗ್ ಲೈನುಗಳ ತಗಡಿನ ಮನೆಯಂಥ ಚಿಕ್ಕ ಕೋಣೆಯಲ್ಲಿ, ಬಾಗಿಲು ಕಿಟಕಿ ಮುಚ್ಚಿ ಇದನ್ನು ಮಾಡಲೇಬಾರದು. ಚೊಕ್ಕ ಬೆಳ್ಳಿಗೂ ಸ್ಟರ್ಲಿಂಗಿಗೂ ನಡುದಾರಿಯಾಗಿ ಬಂದದ್ದು, ಸಾವಿರಕ್ಕೆ 960 ಪಾಲು ಬೆಳ್ಳಿಯಿರುವ 960ರ ಕ್ಲೇ. ಅಮೆರಿಕದ ಬಿಲ್ ಸ್ಟ್ರೂವೆ ರೂಪಿಸಿದ ಈಜಿ960 ಎಂಬ ಮಾಲನ್ನು ಇದ್ದಿಲಿಲ್ಲದೆ, ಸುಮಾರು 910 ಡಿಗ್ರಿಯಲ್ಲಿ 2 ಗಂಟೆ ತೆರೆದ ಕುಲುಮೆಯಲ್ಲೇ ಸುಡಬಹುದು. ಚೊಕ್ಕ ಬೆಳ್ಳಿಗಿಂತ ಗಟ್ಟಿ, ಸ್ಟರ್ಲಿಂಗಿಗಿಂತ ಸರಳ. ಬೆಳ್ಳಿಯ ಪ್ರಮಾಣದಲ್ಲಿ ಐಡಾ ಕಂಪನಿಯ 950ರ ಆರ್ಟ್ ಕ್ಲೇಯೂ ಇದಕ್ಕೆ ಹತ್ತಿರದ್ದು. ದಿನವೂ ಹಾಕಿಕೊಳ್ಳುವ ಉಂಗುರ, ಬಳೆಗೆ ಕ್ಲೇ ಬಳಸಲೇಬೇಕೆಂದರೆ ನಾನು 960ರ ಕ್ಲೇಯನ್ನೇ ಮೊದಲು ನೋಡುತ್ತೇನೆ.

ಮಾರುವ ಉದ್ದೇಶವಿದ್ದವರಿಗೆ ಇಲ್ಲಿ ಇನ್ನೊಂದು ವಿಷಯ ತಳುಕು ಹಾಕಿಕೊಂಡಿದೆ. ಭಾರತೀಯ ಮಾನಕ ಬ್ಯೂರೋ 2025ರಲ್ಲಿ ಬೆಳ್ಳಿಯ ಹಾಲ್‌ಮಾರ್ಕ್ ಮಾನದಂಡವನ್ನು ಪರಿಷ್ಕರಿಸಿ, ಹಿಂದೆ ಇದ್ದ 800, 835, 925, 970, 990ರ ಜೊತೆಗೆ 958 ಮತ್ತು 999 ಎಂಬ ಎರಡು ದರ್ಜೆಗಳನ್ನು ಸೇರಿಸಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಪ್ರತ್ಯೇಕ ಗುರುತಿನ ಸಂಖ್ಯೆಯ ಹಾಲ್‌ಮಾರ್ಕ್ ಬಂದಿದೆ, ಚಿನ್ನದಂತೆ ಕಡ್ಡಾಯವಲ್ಲ, ಸ್ವಇಚ್ಛೆಯದು. ಕ್ಲೇ ಕೆಲಸದವರಿಗೆ ಈ ಎರಡು ಹೊಸ ದರ್ಜೆಗಳು ಅಳತೆ ತೆಗೆದು ಹೊಲಿದಂತೆ ಕೂರುತ್ತವೆ. ಚೊಕ್ಕ ಬೆಳ್ಳಿಯ ಕ್ಲೇ 999ಕ್ಕೆ, 960ರ ಕ್ಲೇ 958ಕ್ಕೆ. 950ರ ಕ್ಲೇಗೆ ಮಾತ್ರ ಸ್ವಲ್ಪ ಅನ್ಯಾಯ. 958ನ್ನು ಅದು ಮುಟ್ಟದ ಕಾರಣ 925ರ ಗುರುತಿಗೇ ಇಳಿಯಬೇಕು. ಸಾವಿರಕ್ಕೆ ಎಂಟೇ ಪಾಲಿನ ಅಂತರಕ್ಕೆ ಗುರುತು ಒಂದು ಮೆಟ್ಟಲು ಕೆಳಗೆ. ಮಾರುವವರು ಕ್ಲೇ ಆರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದರ ಜೊತೆಗೇ ಹೇಳಬೇಕಾದ ಮಾತು, ಹಾಲ್‌ಮಾರ್ಕ್ ಶುದ್ಧತೆಗೆ ಸಾಕ್ಷಿ, ಗಟ್ಟಿತನಕ್ಕಲ್ಲ. 650 ಡಿಗ್ರಿಯಲ್ಲಿ ಅರೆಬೆಂದ ಪದಕವೂ 999 ಎಂದೇ ಪರೀಕ್ಷೆಯಲ್ಲಿ ಬರುತ್ತದೆ. ಶುದ್ಧ ಬೆಳ್ಳಿ ಎಂಬ ಅಚ್ಚನ್ನು ನೋಡಿ ಕೊಂಡ ಗಿರಾಕಿಗೆ ಅದು ಕೆಳಗೆ ಬಿದ್ದು ಮುರಿದಾಗ ಮೋಸ ಹೋದೆನೆನಿಸಿದರೆ ಅದು ಗಿರಾಕಿಯ ತಪ್ಪಲ್ಲ. ಹಾಗೆಯೇ 999ರ ಮೈಗೆ ಕಡಿಮೆ ದರ್ಜೆಯ ಕೊಂಡಿಯನ್ನೋ ಬೆಸುಗೆಯನ್ನೋ ಹಾಕಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು.

ಅಕ್ಕಸಾಲಿಗಳ ಕಡೆಯಿಂದ ಬರುವ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ತಗಡು, ಕಂಬಿ, ಬೆಸುಗೆ, ಅಚ್ಚು ಇವೆಲ್ಲ ಇರುವಾಗ ದೂರದೇಶದ ಪುಡಿಗೆ ಇಷ್ಟು ಹಣ ಏಕೆ ಎಂದು ಅವರು ಕೇಳುತ್ತಾರೆ. ಎರಕ ಹೊಯ್ದು, ಬಡಿದು, ಜಂತ್ರಿಯಲ್ಲಿ ಎಳೆದ ಬೆಳ್ಳಿಯ ಬಲ ಕ್ಲೇಗೆ ಬರುವುದಿಲ್ಲ, ಇದರಲ್ಲಿ ಎರಡು ಮಾತಿಲ್ಲ. ಕಾಲುಂಗುರ, ಗೆಜ್ಜೆ, ಉಡಿದಾರ, ಸರಪಳಿ ಇವುಗಳಿಗೆ ಕ್ಲೇ ಬಳಸುವುದು ದಂಡ. ನೆಲಕ್ಕೆ ಉಜ್ಜುವ, ಎಳೆತಕ್ಕೆ ಸಿಕ್ಕುವ ಒಡವೆಗಳು ಅವು. ಒಂದೇ ನಮೂನೆ ನೂರಾರು ಬೇಕಾದಾಗಲೂ ಅಚ್ಚು, ಎರಕಗಳೇ ಅಗ್ಗ. ಕ್ಲೇಗೆ ಸಲ್ಲುವ ಜಾಗ ಚಿಕ್ಕದು, ಆದರೆ ಆ ಜಾಗದಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಹುಣಸೆಯ ಎಳೆಚಿಗುರಿನ ಒಂದು ಗರಿ, ರಾಗಿಯ ತೆನೆ, ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬದ ಮೇಲೆ ಮಳೆ ಕೊರೆದ ಗೆರೆಗಳಂಥ ಮೈ, ಮಗುವಿನ ಹೆಬ್ಬೆರಳಿನ ಗುರುತು, ಇಂಥದ್ದನ್ನು ಒಂದೇ ಒಂದು ಪದಕವಾಗಿ ಮಾಡಿಕೊಡಬೇಕಾದಾಗ ಮೇಣದ ಅಚ್ಚು, ಎರಕದ ಸಲಕರಣೆಗಳ ಗೊಡವೆಯಿಲ್ಲದೆ ನೇರವಾಗಿ ಒತ್ತಿ ತೆಗೆಯಬಹುದು. ಅಲ್ಲಿ ಗಿರಾಕಿ ಕೊಡುವುದು ತೂಕದ ಬೆಲೆಯನ್ನಲ್ಲ, ಆ ಒಂದು ಗುರುತಿನ ಬೆಲೆಯನ್ನು. ಅಕ್ಕಸಾಲಿಯ ಕೊಂಡಿ, ಸರಪಳಿಗೆ ಕ್ಲೇಯ ಪದಕ ತೂಗಿದರೆ ಇಬ್ಬರಿಗೂ ಕೆಲಸವಾಗುತ್ತದೆ.

ಮೂಲ ಪೇಟೆಂಟುಗಳ ಅವಧಿ ಮುಗಿದಿರುವಾಗ ಬೆಳ್ಳಿಪುಡಿ ತಂದು ಅಂಟು ಕಲಸಿ ನಾವೇ ಏಕೆ ಮಾಡಿಕೊಳ್ಳಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಮಾಡಬಹುದು, ಮಾಡಿದವರಿದ್ದಾರೆ. ಕಷ್ಟವಿರುವುದು ಪುಡಿಯಲ್ಲಿ. ದೊಡ್ಡ ಕಣಗಳ ಸಂದಿಯಲ್ಲಿ ಚಿಕ್ಕವು ಕೂರುವಂತೆ ಗಾತ್ರಗಳನ್ನು ಬೆರೆಸದಿದ್ದರೆ ಎಷ್ಟು ಸುಟ್ಟರೂ ತೂತು ಉಳಿಯುತ್ತದೆ. ತಯಾರಕರಿಗೆ ನಾವು ಕೊಡುವ ಹೆಚ್ಚಿನ ಹಣ ಬಹುಪಾಲು ಈ ಹದಕ್ಕೆ. ಇದನ್ನು ನಮ್ಮಲ್ಲೇ ಸಾಧಿಸಿದವರು ಬಂದರೆ ನಾನು ಮೊದಲು ಸಂತೋಷಪಡುತ್ತೇನೆ, ಆದರೆ ಅವರ ಮಾಲೂ ಮೊದಲು ಹೇಳಿದ ಬಗ್ಗಿಸುವ ಪರೀಕ್ಷೆ, ನೀರಿನ ಪರೀಕ್ಷೆಗಳನ್ನು ದಾಟಬೇಕು.

ನಮ್ಮ ಹವೆಯ ಬಗ್ಗೆ ಒಂದೆರಡು ಮಾತು. ಕೋಲಾರ ಜಿಲ್ಲೆಯ ಬೇಸಿಗೆಯ ಒಣಗಾಳಿಯಲ್ಲಿ ಕ್ಲೇ ಕೈಯಲ್ಲೇ ಬಿರುಕು ಬಿಡುತ್ತದೆ. ಮಾರ್ಚ್ ಏಪ್ರಿಲ್ ಮಧ್ಯಾಹ್ನ ಫ್ಯಾನಿನ ಕೆಳಗೆ ಕುಳಿತು ಮಾಡುವ ಕೆಲಸವಲ್ಲ ಇದು. ಒಣಗಿದ ಮೇಲೂ ಬಾಗುವ ಪಿಎಂಸಿ ಫ್ಲೆಕ್ಸ್‌ನಂಥ ಮಾಲು ಇಲ್ಲಿ ಕಲಿಯುವವರಿಗೆ ಅನುಕೂಲ. ಒಣಗಿದ ಚೂರುಗಳನ್ನು ಎಸೆಯಬೇಡಿ, ನೀರು ಬೆರೆಸಿ ಮತ್ತೆ ನಾದಬಹುದು. ಬೋರ್‌ವೆಲ್ಲಿನ ಗಡಸು ನೀರು ಬೇಡ, ಬ್ಯಾಟರಿಗೆ ಹಾಕುವ ಬಟ್ಟಿ ನೀರು ಅಗ್ಗಕ್ಕೆ ಸಿಗುತ್ತದೆ. ಅಲ್ಯೂಮಿನಿಯಂ ತಟ್ಟೆಯ ಮೇಲಾಗಲಿ ಹಾಳೆಯಲ್ಲಾಗಲಿ ಕ್ಲೇ ಇಡಬಾರದು, ಬೆಳ್ಳಿ ಕೆಡುತ್ತದೆ.

ಹಾಗಾದರೆ ಬಂಗಾರಪೇಟೆಯಲ್ಲೋ ಕೆಜಿಎಫ್‌ನಲ್ಲೋ ಹೊಸದಾಗಿ ಶುರು ಮಾಡುವವರು ಏನು ಕೊಳ್ಳಬೇಕು? ಟಾರ್ಚು ಮಾತ್ರ ಇದ್ದರೆ ಆರ್ಟ್ ಕ್ಲೇ ಅಥವಾ ಪಿಎಂಸಿ3, ಎರಡರಲ್ಲಿ ಬೆಳ್ಳಿಯ ಗ್ರಾಮಿಗೆ ಯಾವುದು ಅಗ್ಗವೋ ಅದು, ಅದರಿಂದ ಓಲೆ ಮತ್ತು ಪದಕ ಮಾತ್ರ. ಸರಿಯಾದ ಉಷ್ಣಮಾಪಕವಿರುವ ಕುಲುಮೆ ಇದ್ದರೆ ಚೊಕ್ಕ ಬೆಳ್ಳಿಯ ಯಾವ ಕ್ಲೇಯಾದರೂ ಆದೀತು, 900 ಡಿಗ್ರಿಯ ಆಸುಪಾಸಿನಲ್ಲಿ 2 ಗಂಟೆ ತಪ್ಪಿಸಬೇಡಿ. ಉಂಗುರ ಬಳೆಗಳಿಗೆ 960. ಇದ್ದಿಲಿನ ಸ್ಟರ್ಲಿಂಗು ಗಾಳಿಯಾಡುವ ಬೇರೆ ಶೆಡ್ಡು ಇರುವವರಿಗೆ ಮಾತ್ರ. ಮಾರುವ ಕಂಪನಿಗಳಿಂದ ನಾವು ಕೇಳಬೇಕಾದದ್ದೂ ಒಂದಿದೆ. ಪ್ಯಾಕೆಟ್ಟಿನ ಮೇಲೆ ಅತಿ ಕಡಿಮೆ ಕಾವಿನ ಅಂಕಿಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಪೂರ್ತಿ ಬಲ ಬರಲು ಬೇಕಾದ ಕಾವು ಮತ್ತು ಹೊತ್ತು, ಸುಟ್ಟ ಮೇಲೆ ಉಳಿಯುವ ಬೆಳ್ಳಿಯ ತೂಕ ಇವೆರಡನ್ನೂ ಅಚ್ಚು ಹಾಕಿಸಲಿ. ಆಮದು ಮಾಡಿ ಹಂಚುವ ವ್ಯಾಪಾರಿಗಳು ಅದನ್ನು ಕನ್ನಡದಲ್ಲೂ ತಮಿಳಿನಲ್ಲೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟು ಕೊಟ್ಟರೆ ಮಾರಿಕುಪ್ಪಂನ ಮನೆಯಲ್ಲಿ ಕುಳಿತು ಕಲಿಯುವವರಿಗೂ ಅದು ತಲುಪುತ್ತದೆ.